ಏಳನೆಯ ಮಹಡಿಯ ಸದಸ್ಯೆ

ಫೆಬ್ರವರಿ ೩

ಮಗಳೇ,

ನಿನ್ನ ಸಹಿ ಮೊದಲಿಗಿಂತ ದುಂಡಗಾಗಿದೆಯಂತೆ. ನಾನು ಕಣ್ಣಾರೆ ನೋಡಿಲ್ಲ, ಎದುರುಮನೆಯ ನರ್ಸ್ ನೋಡಿಕೊಂಡು ಬಂದು ಹೇಳಿದಳು. ಮೊನ್ನೆ ನಿಮ್ಮ ಪರವಾನಗಿ ಕಚೇರಿಯವರು ಬಂದು ನಮ್ಮ ಕಟ್ಟಡದ ಲಿಫ್ಟಿಗೆ ಕೆಂಪು ಪಟ್ಟಿ ಸುತ್ತಿ, ಕೆಳಗಡೆ ಬಾಗಿಲಿಗೆ ನೋಟಿಸು ಅಂಟಿಸಿ ಹೋಗಿದ್ದಾರೆ. ಪರವಾನಗಿ ಇರುವ ಮೆಕ್ಯಾನಿಕ್ ಪರಿಶೀಲಿಸುವವರೆಗೆ ಇದನ್ನು ಬಳಸತಕ್ಕದ್ದಲ್ಲವಂತೆ. ಅದರ ಕೆಳಗೆ ನಿನ್ನ ಸಹಿ.

ಹೆತ್ತ ತಾಯಿಗೇ ಮಗಳು ಸೀಲು ಹಾಕಿದಳು ಎಂದು ಕಟ್ಟಡದಲ್ಲೆಲ್ಲ ನಗು. ನಾನೂ ನಕ್ಕೆ, ನಗದೆ ಏನು ಮಾಡಲಿ. ಸೊಂಟ ಮುರಿದುಕೊಂಡ ಮೇಲೆ ನನಗೆ ಮೆಟ್ಟಿಲು ಆಗುವುದಿಲ್ಲ ಎಂಬುದು ನಿನಗೆ ಗೊತ್ತೇ ಇದೆ. ಇರುವುದು ಏಳನೆಯ ಮಹಡಿ. ಹೊಲಿಯಲು ಬಟ್ಟೆ ತರುವವರು ಎರಡನೆಯ ಮಹಡಿಗೇ ಏದುಸಿರು ಬಿಟ್ಟು ವಾಪಸು ಹೋಗುತ್ತಾರೆ.

ಈ ಲಿಫ್ಟನ್ನು ಮೊದಲಿನಿಂದ ನೋಡಿಕೊಂಡವನು ನಮ್ಮ ಮೆಕ್ಯಾನಿಕ್ ಬೋಲ್ಟು. ಅವನನ್ನು ಕರೆಸಿ ಕೇಳಿದೆ. "ನನ್ ಲೈಸೆನ್ಸಿನ ಅವಧಿ ಮುಗೀತು ಅಕ್ಕಾ. ಹೊಸದಕ್ಕೆ ಪರೀಕ್ಷೆ ಕೊಡ್ಬೇಕು. ಪರೀಕ್ಷೆನೇ ಇಲ್ಲ," ಎಂದ. ಪರೀಕ್ಷೆಯಿಲ್ಲದೆ ಪಾಸಾಗುವುದು ಹೇಗೆ ಎಂದು ನನ್ನನ್ನೇ ಕೇಳುತ್ತಾನೆ. ನಾನು ಹೊಲಿಗೆಯವಳು, ನನ್ನನ್ನು ಕೇಳಿದರೆ? ನೀನು ಆ ಕಚೇರಿಯಲ್ಲಿ ಇರುವವಳು, ನೀನು ಹೇಳು. ಫೋನ್ ಮಾಡಬೇಡ. ಫೋನಿನಲ್ಲಿ ನನಗೆ ಬರೀ ಗುಂಯ್ ಎಂದು ಕೇಳುತ್ತದೆ, ಆಮೇಲೆ ನೀನು ಕಿರುಚುತ್ತೀಯ, ನಾನು ಅಳುತ್ತೇನೆ.

ನಿನ್ನ ಅಮ್ಮ


ಫೆಬ್ರವರಿ ೧೨

ಅಮ್ಮಾ,

ತರಬೇತಿಗೆ ಹೊರಡುವ ಹಿಂದಿನ ಮಧ್ಯಾಹ್ನ ಮೇಜಿನ ಮೇಲೆ ನೋಟಿಸುಗಳ ಒಂದು ಕಟ್ಟು ಇಟ್ಟರು. ತಲೆ ಎತ್ತದೆ ಸಹಿ ಹಾಕಿದೆ. ನಮ್ಮ ಕಟ್ಟಡವೂ ಅದರಲ್ಲಿತ್ತು ಎಂದು ನಿನ್ನ ಪತ್ರ ನೋಡಿಯೇ ತಿಳಿದದ್ದು. ಓದಿ ನಾನು ಅತ್ತುಬಿಟ್ಟೆ. ಆದರೆ ನೋಡಿದ್ದರೂ ಸಹಿ ಹಾಕಲೇಬೇಕಿತ್ತು, ಅದೂ ನಿಜ.

ಪಕ್ಕದ ಊರಿನಲ್ಲಿ ಲಿಫ್ಟು ಬಿದ್ದದ್ದು ನಿನಗೆ ನೆನಪಿರಬೇಕು. ಒಬ್ಬ ಮುದುಕರು ಸತ್ತರು, ಒಬ್ಬ ಹೆಂಗಸಿನ ಕಾಲು ಹೋಯಿತು. ಅದನ್ನು ರಿಪೇರಿ ಮಾಡಿದವನು ಒಂದು ದಿನವೂ ಬ್ರೇಕು ಬಿಚ್ಚಿ ನೋಡಿದವನಲ್ಲ, ಆದರೆ ಗೋಡೆಯ ಮೇಲೆ ಲೈಸೆನ್ಸು ಇತ್ತು. ಆಮೇಲೆ ಕಾನೂನು ಬಂತು: ಎಲ್ಲ ಮೆಕ್ಯಾನಿಕ್‌ಗಳೂ ಹೊಸ ಪರೀಕ್ಷೆ ಬರೆಯಬೇಕು. ಪರೀಕ್ಷೆ ಹೇಗಿರಬೇಕು ಎಂದು ನಮ್ಮ ಇಲಾಖೆ ತಾನಾಗಿ ತೀರ್ಮಾನಿಸುವಂತಿಲ್ಲ, ಸಲಹಾ ಮಂಡಳಿ ಒಪ್ಪಬೇಕು. ಮಂಡಳಿಯಲ್ಲಿ ಕಡಿಮೆಯೆಂದರೆ ನಾಲ್ವರು ಕೂತು, ಕೂತವರೆಲ್ಲ ಹೂಂ ಎನ್ನಬೇಕು. ಈಗಿರುವುದು ಮೂವರೇ. ಹಾಗಾಗಿ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದ್ದರಿಂದ ಲೈಸೆನ್ಸಿಲ್ಲ, ಲೈಸೆನ್ಸಿಲ್ಲದ್ದರಿಂದ ನೀನು ಮೇಲೆ. ಯಾರನ್ನು ಕೇಳಿದರೂ ತಪ್ಪು ಇನ್ನೊಬ್ಬರ ಕಡೆ ಇರುತ್ತದೆ.

ಇಲ್ಲಿ ನಮಗೆ ನಾಯಕತ್ವ ಕಲಿಸುತ್ತಿದ್ದಾರೆ. ನಿನ್ನೆ ಹಳೆಯ ಪೇಪರುಗಳನ್ನು ಸುತ್ತಿ ಗೋಪುರ ಕಟ್ಟಿಸಿದರು. ನಮ್ಮ ತಂಡದ್ದು ಬಿತ್ತು. ಬಿದ್ದದ್ದರಿಂದ ಏನು ಕಲಿತಿರಿ ಎಂದು ಕೇಳಿದರು. ಪೇಪರಿನಲ್ಲಿ ಗೋಪುರ ಕಟ್ಟಬಾರದು ಎಂದು ಕಲಿತೆ ಎಂದೆ. ಬೋಧಕರು ಹರಳೆಣ್ಣೆ ಕುಡಿದ ಮುಖ ಮಾಡಿದರು.

ಇಲ್ಲಿ ಗೇಟು ದಾಟಲೂ ಅನುಮತಿಯ ಚೀಟಿ ಬೇಕು. ತರಬೇತಿಯ ಕೊನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಇಲಾಖೆಗೆ ಒಂದು ಸುಧಾರಣೆ ಬರೆದು, ಅದನ್ನು ಸಲಹಾ ಮಂಡಳಿಯಿಂದ ಒಪ್ಪಿಸಿಕೊಳ್ಳಬೇಕು. ಒಪ್ಪಿಗೆ ಸಿಕ್ಕಿದರೆ ಉಪನಿರ್ದೇಶಕಿಯ ಹುದ್ದೆ. ಸಿಗದಿದ್ದರೆ ಇಡೀ ತರಬೇತಿ ಮತ್ತೆ ಮೊದಲಿಂದ. ನಾನು ಈ ಪರೀಕ್ಷೆಯ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಮಂಡಳಿಗೆ ಲಿಫ್ಟು ಬಳಸುವ ಸಾಮಾನ್ಯ ಜನರಿಂದ ಒಬ್ಬರನ್ನು ಸೇರಿಸಿ ಎಂದು ನಿರ್ದೇಶಕರಿಗೆ ಬರೆದೆ. ಅವರಿಗೆ ಹಿಡಿಸಿತು. ನಾಲ್ಕನೆಯವರು ಬೇಗ ಸಿಗುತ್ತಾರೆ. ಸ್ವಲ್ಪ ತಡೆದುಕೋ.

ನಿನ್ನ ಮಗಳು


ಮಾರ್ಚ್ ೬

ಮಗಳೇ,

ನಾಲ್ಕನೆಯವರು ಸಿಕ್ಕಿದರು. ಕೂತಿದ್ದೀಯಾ? ಕೂತುಕೋ.

ಸೀಲು ಬಿದ್ದ ಕಟ್ಟಡಗಳಿಗೆಲ್ಲ ನಿಮ್ಮ ನಿರ್ದೇಶಕರಿಂದ ಪತ್ರ ಹೋಗಿತ್ತಂತೆ, ಮಂಡಳಿಗೆ ಒಬ್ಬರ ಹೆಸರು ಕಳಿಸಿ ಎಂದು. ನಮ್ಮ ಕಟ್ಟಡದ ಸಂಘದವರು ಇಲ್ಲೇ ನನ್ನ ಮನೆಯಲ್ಲೇ ಸಭೆ ಸೇರಿದರು, ಏಕೆಂದರೆ ನಾನು ಬೇರೆಲ್ಲಿಗೂ ಹೋಗುವಂತಿಲ್ಲ. ಎಲ್ಲರಿಗೂ ಕೆಲಸ, ಎಲ್ಲರಿಗೂ ಅವಸರ. ಕೊನೆಗೆ ನರ್ಸ್ ನನ್ನ ಕಡೆ ಕೈ ತೋರಿಸಿ, "ಇವರಿಗೆ ಬಾಯಿದೆ, ಪುರುಸೊತ್ತಿದೆ, ಸಿಟ್ಟೂ ಇದೆ," ಎಂದಳು. ಬೇರೆ ಬೇರೆ ಕಟ್ಟಡಗಳಿಂದ ಯಾರ್ಯಾರ ಹೆಸರು ಬಂದವೋ, ನೇಮಕದ ಪತ್ರ ನನಗೆ ಬಂದಿದೆ. ಲಿಫ್ಟು ಬಳಕೆದಾರರ ಪ್ರತಿನಿಧಿಯಂತೆ. ಲಿಫ್ಟು ಬಳಸದೆ ಕೂತಿರುವವಳು ನಾನು!

ನಿನ್ನನ್ನು ಕೇಳದೆ ಒಪ್ಪಿಕೊಂಡೆ. ಕೇಳಿದ್ದರೆ ನೀನು ನಿಯಮ ಹೇಳುತ್ತಿದ್ದೆ. ನನಗೆ ನಿಯಮ ಬೇಡ, ರಸ್ತೆ ಬೇಕು. ಮೂಲೆಯ ಅಂಗಡಿಗೆ ಹೋಗಿ ನಾನೇ ನೂಲಿನ ಬಣ್ಣ ಆರಿಸಬೇಕು. ಬೇರೆಯವರು ತಂದರೆ ಒಂದೂ ಹೊಂದುವುದಿಲ್ಲ. ಕಿಟಕಿಯಿಂದ ನೋಡಿದರೆ ಜನರ ನೆತ್ತಿ ಮಾತ್ರ ಕಾಣುತ್ತದೆ. ಯಾರಿಗೆ ಕೂದಲು ಉದುರುತ್ತಿದೆ ಎಂದು ಇಡೀ ಬೀದಿಯದ್ದು ನನಗೆ ಗೊತ್ತು.

ನಿನ್ನ ಅಮ್ಮ


ಮಾರ್ಚ್ ೧೮

ಅಮ್ಮಾ,

ಓದಿ ಮೊದಲು ಗಾಬರಿಯಾಯಿತು, ಆಮೇಲೆ ಕುಣಿಯುವ ಹಾಗಾಯಿತು. ನೀನು ಮಂಡಳಿಯಲ್ಲಿ! ಸಂಬಂಧಿಕರು ಇರಬಾರದು ಎಂಬ ನಿಯಮವೇನಾದರೂ ಇದೆಯಾ ಎಂದು ಹುಡುಕಿದೆ. ಹಣದ ವ್ಯವಹಾರವಿದ್ದರೆ ಮಾತ್ರ ಕೂಡದು, ಇಲ್ಲಿ ಅಂಥದ್ದಿಲ್ಲ. ಆದರೂ ಸಭೆಯ ಶುರುವಿನಲ್ಲೇ ಹೇಳಿಬಿಡು.

ಇನ್ನು ಕೇಳು. ನನ್ನ ಕರಡು ಸಿದ್ಧವಾಗಿದೆ. ಅರ್ಧ ದಿನದ ಪಾಠ, ಆಮೇಲೆ ಒಂದು ಬರವಣಿಗೆಯ ಪರೀಕ್ಷೆ, ಅಷ್ಟೇ. ಕೈಯಲ್ಲಿ ಕೆಲಸ ಮಾಡಿ ತೋರಿಸುವ ಭಾಗವನ್ನು ತೆಗೆದುಹಾಕಿದ್ದೇನೆ. ಅದನ್ನು ಇಟ್ಟುಕೊಂಡರೆ ಪರೀಕ್ಷೆಗೆಂದೇ ಲಿಫ್ಟು ಮೇಲೆ ಕೆಳಗೆ ಓಡಾಡುವ ಒಂದು ಬಾವಿ ಕಟ್ಟಬೇಕು, ಪರೀಕ್ಷಕರನ್ನು ಹುಡುಕಬೇಕು, ವರ್ಷವೇ ಹೋಗುತ್ತದೆ. ಹೀಗಾದರೆ ಮೇ ಮುಗಿಯುವುದರೊಳಗೆ ಬೋಲ್ಟುವಿನ ಕೈಗೆ ಲೈಸೆನ್ಸು, ನೀನು ಕೆಳಗೆ. ನಿರ್ದೇಶಕರಿಗೂ ದೂರುಗಳ ಕಾಟ ಸಾಕಾಗಿದೆ, ಕಣ್ಣು ಮುಚ್ಚಿ ಒಪ್ಪಿದರು.

ಸಭೆಯ ರೀತಿ ಹೇಳಿಕೊಡುತ್ತೇನೆ, ಹೊಸಬರಿಗೆ ಗೊತ್ತಾಗುವುದಿಲ್ಲ. ಅಲ್ಲಿ ಯಾರೂ ಕೈ ಎತ್ತುವುದಿಲ್ಲ. ಅಧ್ಯಕ್ಷರು ವಿಷಯ ಓದುತ್ತಾರೆ, ಆಗ ಚಹಾ ಬರುತ್ತದೆ. ಕುಡಿದರೆ ಒಪ್ಪಿದ ಹಾಗೆ. ಎಲ್ಲರ ಕಪ್ಪೂ ಖಾಲಿಯಾದ ಮೇಲೆ 'ಸರ್ವಾನುಮತ' ಎಂದು ಬರೆದುಕೊಳ್ಳುತ್ತಾರೆ. ಅದು ಹೇಗೆ ಶುರುವಾಯಿತೋ ಗೊತ್ತಿಲ್ಲ. ನಾನು ಬಂದಾಗಿನಿಂದ ಒಬ್ಬರೂ ಕಪ್ಪು ಬಿಟ್ಟದ್ದನ್ನು ಕಂಡಿಲ್ಲ. ಇಲ್ಲಿ ಪಾಠದಲ್ಲಿ, ಸಲಹಾ ಮಂಡಳಿಯೆಂದರೆ ಇಲಾಖೆಯ ಕಣ್ಣು ಕಿವಿ ಎನ್ನುತ್ತಾರೆ. ನಾವೆಲ್ಲ ಅದನ್ನು ಬರೆದುಕೊಳ್ಳುತ್ತೇವೆ.

ನಿನ್ನ ಮಗಳು


ಏಪ್ರಿಲ್ ೨

ಮಗಳೇ,

ನಿನ್ನ ಕರಡು ಕಚೇರಿಯಿಂದ ಬಂತು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಭಾಷೆ ಚೆನ್ನಾಗಿದೆ, ಎಲ್ಲೂ ಸಿಕ್ಕು ಬೀಳುವುದಿಲ್ಲ.

ಬೋಲ್ಟು ಬಂದಿದ್ದ. ಅವನಿಗೂ ಓದಿ ಹೇಳಿದೆ. ಖುಷಿಯಾಯಿತು ಅವನಿಗೆ. ಕೆಲಸವಿಲ್ಲದೆ ಅವನೂ ಒಣಗಿಹೋಗಿದ್ದಾನೆ. ತಾನಂತೂ ಪಾಸು, ತನ್ನ ಭಾಮೈದನೂ ಪಾಸಾಗುತ್ತಾನೆ ಎಂದ. ಭಾಮೈದ ಇದುವರೆಗೆ ಮೊಬೈಲ್ ಕವರು ಮಾರುತ್ತಿದ್ದವನು. ಅವನಿಗೆ ಲಿಫ್ಟಿನ ಬಗ್ಗೆ ಏನು ಗೊತ್ತು ಎಂದು ಕೇಳಿದೆ. ಗುಂಡಿ ಒತ್ತುವುದು ಗೊತ್ತು ಎಂದು ನಕ್ಕ. ನಾನೂ ನಕ್ಕೆ. ಅವನು ಹೋದ ಮೇಲೆ ನಗು ಬರಲಿಲ್ಲ.

ನಿನಗೊಂದೇ ಪ್ರಶ್ನೆ. ಈ ಪರೀಕ್ಷೆಯಲ್ಲಿ ಪಾಸಾದವನು ರಿಪೇರಿ ಮಾಡಿದ ಲಿಫ್ಟಿನಲ್ಲಿ ನೀನು ಹತ್ತುತ್ತೀಯಾ? ನಮ್ಮ ಬೋಲ್ಟುವನ್ನು ಬಿಡು, ಯಾರೋ ಗುರುತಿಲ್ಲದವನು ರಿಪೇರಿ ಮಾಡಿದ್ದು. ಹೂಂ ಎಂದರೆ ಹೂಂ ಎಂದು ಬರಿ. ನೀನು ಹೇಳಿದ್ದನ್ನು ನಾನು ನಂಬುತ್ತೇನೆ.

ನಿನ್ನ ಅಮ್ಮ


ಏಪ್ರಿಲ್ ೧೧

ಅಮ್ಮಾ,

ಇಲ್ಲಿ ವಿಪರೀತ ಸೆಕೆ. ಕೋಣೆಯಲ್ಲಿ ನಾವು ಇಬ್ಬರು, ಫ್ಯಾನು ಒಂದು. ನನ್ನ ಜೊತೆಗಾರ್ತಿ ಕ್ಷೌರದಂಗಡಿಗಳಿಗೆ ಪರವಾನಗಿ ಕೊಡುವ ವಿಭಾಗದವಳು. ಅವಳಿಗಿದು ಮೂರನೆಯ ಸಲ. ಅವಳ ಸುಧಾರಣೆಯನ್ನು ಅವಳ ಮಂಡಳಿ ಎರಡು ಸಲ ಸಭೆಯೇ ಸೇರದೆ ಮುಂದೂಡಿತು. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ. ಅವಳನ್ನು ನೋಡಿದರೆ ನನಗೆ ಭಯವಾಗುತ್ತದೆ.

ಈ ವಾರ 'ಆಲಿಸುವಿಕೆ' ಎಂಬ ಪಾಠ. ಎದುರಿಗಿದ್ದವರು ಹೇಳಿದ್ದನ್ನು ನಾವು ಮತ್ತೆ ಹೇಳಬೇಕು, ಆಮೇಲೆ ಅವರು ಹೇಳಿದ್ದು ಅದೇನಾ ಎಂದು ಕೇಳಬೇಕು. ನನಗೆ ಒಳ್ಳೆಯ ಅಂಕ ಬಂತು.

ಮೇ ಐದಕ್ಕೆ ಸಭೆ. ಕಚೇರಿಯ ಕಾರು ಬರುತ್ತದೆ. ನಿನ್ನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಲು ಸಂಘದವರು ಒಪ್ಪಿದ್ದಾರೆ ಎಂದು ನರ್ಸ್ ಮೆಸೇಜು ಕಳಿಸಿದಳು. ಬೆನ್ನಿಗೊಂದು ದಿಂಬು ಇಟ್ಟುಕೋ. ಮಾತ್ರೆ ಮರೆಯಬೇಡ. ಅಲ್ಲಿ ನೀನು ಏನೂ ಮಾತಾಡಬೇಕಾಗಿಲ್ಲ, ಸುಮ್ಮನೆ ಚಹಾ ಕುಡಿ. ಅಮ್ಮಾ, ನನಗೆ ಮನೆಗೆ ಬರಬೇಕು.

ನಿನ್ನ ಮಗಳು


ಏಪ್ರಿಲ್ ೧೮

ಮಗಳೇ,

ಸೆಕೆಯ ವಿಷಯ ತಿಳಿಯಿತು, ಫ್ಯಾನಿನ ವಿಷಯ ತಿಳಿಯಿತು. ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ನಿನ್ನ ಅಮ್ಮ


ಮೇ ೭

ಮಗಳೇ,

ನಿನಗೆ ಸುದ್ದಿ ಮುಟ್ಟಿರುತ್ತದೆ. ಆದರೂ ನನ್ನ ಬಾಯಿಂದ ಕೇಳು.

ಇಳಿಯುವಾಗ ಮೆರವಣಿಗೆಯೇ ನಡೆಯಿತು. ಹೊಲಿಗೆಯ ಕುರ್ಚಿಗೆ ನನ್ನನ್ನು ಬಟ್ಟೆಯಿಂದ ಬಿಗಿದು ನಾಲ್ಕು ಜನ ಹೊತ್ತರು. ಪ್ರತಿ ಮಹಡಿಯಲ್ಲೂ ಬಾಗಿಲು ತೆಗೆದು ನಿಂತಿದ್ದರು. ಗೆದ್ದು ಬನ್ನಿ ಎಂದವರೆಷ್ಟು, ಕೈ ಹಿಡಿದವರೆಷ್ಟು. ಮೂರನೆಯ ಮಹಡಿಯಲ್ಲಿ ಒಬ್ಬರು ಮುದುಕರಿದ್ದಾರೆ, ನನ್ನ ಹಾಗೇ ಸಿಕ್ಕಿಬಿದ್ದವರು. ಅವರು ನನ್ನ ತಲೆ ಮುಟ್ಟಿದರು. ಕೆಳಗೆ ಬಂದಾಗ ಕಟ್ಟು ಬಿಚ್ಚಿಸಿ, ಕಾರಿನವರೆಗೆ ನಾನೇ ನಡೆದೆ. ಚಪ್ಪಲಿಯ ಕೆಳಗೆ ಮಣ್ಣು ಕರಕರ ಎಂದಿತು. ಡ್ರೈವರು ಕಾಯುತ್ತಿದ್ದ, ನಾನು ಬೇಕೆಂದೇ ಒಂದು ಸುತ್ತು ಜಾಸ್ತಿ ಹಾಕಿದೆ.

ಸಭೆಯ ಕೋಣೆಯ ಕಿಟಕಿ ತೆರೆಯುವಂಥದ್ದಲ್ಲ. ಅಧ್ಯಕ್ಷರು ಎಂಜಿನಿಯರಿಂಗ್ ಮೇಷ್ಟ್ರಾಗಿದ್ದವರು, ಒಳ್ಳೆಯವರು, ಸ್ವಲ್ಪ ನಿದ್ದೆಗಣ್ಣು. ಇನ್ನೊಬ್ಬ ಲಿಫ್ಟು ಕಂಪನಿಯವನು. ನನ್ನ ಪಕ್ಕದಲ್ಲಿ ಊರುಗೋಲು ಇಟ್ಟುಕೊಂಡ ಹೆಂಗಸು. ಪಕ್ಕದ ಊರಿನಲ್ಲಿ ಕಾಲು ಕಳೆದುಕೊಂಡವಳು ಅವಳೇ. ತನ್ನದು ಐದನೆಯ ಮಹಡಿ, ಅಲ್ಲಿಯೂ ಸೀಲು ಬಿದ್ದಿದೆ ಎಂದು ಕಿವಿಯ ಹತ್ತಿರ ಬಂದು ಹೇಳಿದಳು. ಅವಳಿಗಾಗಿ ಮಾಡಿದ ಕಾನೂನು ಅವಳನ್ನೇ ಒಳಗೆ ಕೂಡಿಹಾಕಿದೆ.

ಈ ಕರಡು ಬರೆದವಳು ನನ್ನ ಮಗಳು ಎಂದು ಶುರುವಿನಲ್ಲೇ ಹೇಳಿದೆ. ನಿಮ್ಮ ನಿರ್ದೇಶಕರು ಬಾಯ್ತುಂಬ ನಕ್ಕು, "ಇನ್ನೂ ಒಳ್ಳೇದಾಯ್ತಲ್ಲಮ್ಮ. ಇದು ಸಲಹಾ ಮಂಡಳಿ, ಕೋರ್ಟಲ್ಲ," ಎಂದರು.

ಅಧ್ಯಕ್ಷರು ಓದಿದರು. ಚಹಾ ಬಂತು. ಬೆಳಿಗ್ಗೆಯಿಂದ ನಾನು ಏನೂ ಕುಡಿದಿರಲಿಲ್ಲ, ದಾರಿಯಲ್ಲಿ ತೊಂದರೆಯಾಗುತ್ತದೆ ಎಂದು. ಗಂಟಲು ಒಣಗಿತ್ತು. ಕಂಪನಿಯವನು ಸೊರ್ರನೆ ಹೀರಿದ. ಅಧ್ಯಕ್ಷರೂ ಕುಡಿದರು. ಊರುಗೋಲಿನವಳು ಕಪ್ಪನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು, ಆಮೇಲೆ ಕಣ್ಣು ಮುಚ್ಚಿ ಕುಡಿದಳು. ಅವಳನ್ನು ನಾನು ತಪ್ಪು ಎನ್ನುವುದಿಲ್ಲ. ಐದನೆಯ ಮಹಡಿ ಏನೆಂದು ನನಗೆ ಗೊತ್ತು.

ನನ್ನ ಕಪ್ಪನ್ನು ಮೇಜಿನ ನಡುವಿಗೆ ಸರಿಸಿದೆ. ಎಲ್ಲರೂ ಅದನ್ನೇ ನೋಡಿದರು. ಸಕ್ಕರೆ ಜಾಸ್ತಿಯಾಯಿತೇ ಎಂದು ನಿರ್ದೇಶಕರು ಕೇಳಿದರು. ಬೇರೆ ತರಿಸುತ್ತೇನೆ ಎಂದರು. ಬಿಸ್ಕತ್ತಿನ ತಟ್ಟೆ ನನ್ನ ಕಡೆ ತಳ್ಳಿದರು.

"ಚಹಾದ ಮೇಲೆ ನನಗೇನೂ ಸಿಟ್ಟಿಲ್ಲ ಸ್ವಾಮಿ," ಎಂದೆ. "ಇದನ್ನ ನನ್ ಮಗಳು ನನಗೋಸ್ಕರ ಬರೆದಿದಾಳೆ, ನಾನು ಬೇಗ ಕೆಳಗಿಳೀಲಿ ಅಂತ. ಆದ್ರೆ ಲಿಫ್ಟ್ ಹತ್ತೋಳು ನಾನೊಬ್ಳೇ ಅಲ್ವಲ್ಲ. ಈ ಪರೀಕ್ಷೆ ಬೇಡ."

ಅದನ್ನು ಹೇಗೆ ಬರೆದುಕೊಳ್ಳಬೇಕೆಂದು ಗುಮಾಸ್ತನಿಗೆ ಗೊತ್ತಾಗಲಿಲ್ಲ. ಹಳೆಯ ಕಡತ ತೆಗೆದು ನೋಡಿದ, ಅಲ್ಲೂ ಇರಲಿಲ್ಲ. ಕೊನೆಗೆ 'ಒಬ್ಬ ಸದಸ್ಯರು ಚಹಾ ಸ್ವೀಕರಿಸಲಿಲ್ಲ' ಎಂದು ಬರೆದ. ಅಧ್ಯಕ್ಷರು ಅದನ್ನು ಹೊಡೆದುಹಾಕಿಸಿ, 'ಒಪ್ಪಲಿಲ್ಲ' ಎಂದು ಬರೆಸಿದರು. ಪರೀಕ್ಷೆಯನ್ನು ಹೊಸದಾಗಿ ಬರೆದು ತರಲಿ ಎಂದರು. ನಿರ್ದೇಶಕರು ಎದ್ದು ಹೋದರು.

ಕಟ್ಟಡಕ್ಕೆ ವಾಪಸು ಬಂದಾಗ ಎಲ್ಲರೂ ಕೆಳಗೇ ಕಾಯುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರೂ ಜಗಳ ಆಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು. ಒಬ್ಬೊಬ್ಬರಾಗಿ ಕರಗಿದರು. "ಹತ್ತಿಸೋದಂತೂ ಹತ್ತಿಸ್ಬೇಕಲ್ಲ," ಎಂದು ನರ್ಸ್ ಯಾರ ಮುಖವನ್ನೂ ನೋಡದೆ ಹೇಳಿದಳು. ನಾಲ್ಕು ಜನ ಮತ್ತೆ ಹೊತ್ತರು. ಬಾಗಿಲುಗಳೆಲ್ಲ ಮುಚ್ಚಿದ್ದವು. ಮೂರನೆಯ ಮಹಡಿಯ ಮುದುಕರು ಮಾತ್ರ ಕಿಟಕಿಯ ಪರದೆ ಸರಿಸಿ ನೋಡಿ, ಮತ್ತೆ ಎಳೆದುಕೊಂಡರು.

ನಿನ್ನನ್ನು ಅಲ್ಲೇ ಸಿಕ್ಕಿಸಿದೆ ಎಂದು ನನಗೆ ಗೊತ್ತು. ಬೈಯಬೇಕೆಂದರೆ ಬೈದುಬಿಡು.

ನಿನ್ನ ಅಮ್ಮ


ಮೇ ೨೬

ಅಮ್ಮಾ,

ಕೂಡಲೇ ಉತ್ತರ ಬರೆಯಲಿಲ್ಲ. ಬರೆದಿದ್ದರೆ ಕೆಟ್ಟದ್ದನ್ನೇ ಬರೆಯುತ್ತಿದ್ದೆ. ಮನಸ್ಸಿನಲ್ಲಿ ಬೇಕಾದಷ್ಟು ಬರೆದೆ, ನಿನ್ನ ಮೇಲೆ ಕೆಂಡ ಕಾರಿದೆ. ಇಡೀ ರಾಜ್ಯದಲ್ಲಿ ಆ ಚಹಾವನ್ನು ಬೇಡ ಎನ್ನಲು ನನ್ನ ಅಮ್ಮನೇ ಆಗಬೇಕಿತ್ತಾ ಎಂದು.

ನನ್ನ ವರದಿಯ ಮೇಲೆ 'ಸಲಹಾ ಮಂಡಳಿಯ ಮನವೊಲಿಸುವಲ್ಲಿ ವಿಫಲ' ಎಂದು ಬರೆದರು. ಜೂನ್‌ನಿಂದ ತರಬೇತಿ ಮತ್ತೆ ಶುರು. ಅದೇ ಕೋಣೆ, ಅದೇ ಫ್ಯಾನು. ಕ್ಷೌರದ ವಿಭಾಗದವಳಿಗೆ ಈ ಸಲ ಒಪ್ಪಿಗೆ ಸಿಕ್ಕಿತು. ಹೋಗುವಾಗ ತನ್ನ ಸೋಪಿನ ಡಬ್ಬಿ ನನಗೆ ಕೊಟ್ಟುಹೋದಳು. ನಿರ್ದೇಶಕರು ಒಂದೇ ಸಾಲು ಕಳಿಸಿದ್ದಾರೆ: ಕೈಕೆಲಸದ ಪರೀಕ್ಷೆಯನ್ನು ಸೇರಿಸಿ ಹೊಸ ಕರಡು ನೀನೇ ಬರಿ, ನಿನ್ನ ತಾಯಿ ಕುಡಿಯುವಂಥದ್ದು. ಅದಕ್ಕೆ ಲಿಫ್ಟಿನ ಬಾವಿ ಕಟ್ಟಬೇಕು, ಬ್ರೇಕು ಬಿಚ್ಚಿ ಜೋಡಿಸುವುದನ್ನು ನೋಡಿ ಅಂಕ ಕೊಡುವವರು ಬೇಕು, ಒಂದೊಂದು ಭಾಗವೂ ಮತ್ತೆ ಮಂಡಳಿಯ ಮುಂದೆ ಬರಬೇಕು. ಚಳಿಗಾಲ ಬಂದೀತು.

ನೀನು ಏಪ್ರಿಲಿನಲ್ಲಿ ಕೇಳಿದ್ದಕ್ಕೆ ಉತ್ತರ: ಹತ್ತುತ್ತಿರಲಿಲ್ಲ. ನಾನು ಹತ್ತುತ್ತಿರಲಿಲ್ಲ ಅಮ್ಮ, ನಿನ್ನನ್ನು ಮಾತ್ರ ಹತ್ತಿಸಲು ಹೊರಟಿದ್ದೆ. ಪೆನ್ನು ಹಿಡಿದು ಕೂತಾಗ ಅದು ಗೊತ್ತಾಯಿತು, ಅದಕ್ಕೇ ಸೆಕೆಯ ವಿಷಯ ಬರೆದೆ.

ನಿನಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ. ರಜೆ ಹಾಕಿ ಬಂದುಬಿಡಲೇ? ಕೊಡುವುದಿಲ್ಲ ಎಂದರೆ ಕೆಲಸ ಬಿಟ್ಟು ಬರುತ್ತೇನೆ. ನಿನ್ನ ಜೊತೆ ಮೇಲೆಯೇ ಇರುತ್ತೇನೆ.

ನಿನ್ನ ಮಗಳು


ಜೂನ್ ೮

ಮಗಳೇ,

ಬರಬೇಡ. ನೀನೂ ಇಲ್ಲಿ ಬಂದು ಕೂತರೆ ಪರೀಕ್ಷೆ ಬರೆಯುವವರು ಯಾರು? ಆ ನಿರ್ದೇಶಕರೇ?

ನರ್ಸ್ ಈಗಲೂ ತರಕಾರಿ ತಂದು ಕೊಡುತ್ತಾಳೆ, ಆದರೆ ಬಾಗಿಲ ಬಳಿ ಇಟ್ಟು ಬೆಲ್ ಒತ್ತಿ ಹೋಗಿಬಿಡುತ್ತಾಳೆ. ನಾನು ಬಾಗಿಲು ತೆಗೆಯುವಷ್ಟರಲ್ಲಿ ಎದುರು ಬಾಗಿಲು ಮುಚ್ಚಿರುತ್ತದೆ. ಸಂಘದ ಸಭೆ ಈಗ ಕೆಳಗೆ ನಡೆಯುತ್ತದಂತೆ. ಮುಂದಿನ ಮಂಡಳಿಯ ಸಭೆಗೆ ನನ್ನನ್ನು ಇಳಿಸುವವರು ಯಾರು ಎಂದು ಗೊತ್ತಿಲ್ಲ. ಬೋಲ್ಟು ಬರುತ್ತೇನೆ ಎಂದಿದ್ದಾನೆ. ಅವನಿಗೂ ನನ್ನ ಮೇಲೆ ಮುನಿಸಿದೆ, ಆದರೆ ಮುಖ ಕೊಟ್ಟು ಮಾತಾಡುತ್ತಾನೆ. ಅಷ್ಟಕ್ಕೇ ನನಗೆ ಅಳು ಬರುತ್ತದೆ.

ಧೈರ್ಯ ಎಂದು ಬರೆದಿದ್ದೀಯ. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಆ ಕಪ್ಪು ಸರಿಸುವಾಗ ಸ್ವಲ್ಪ ಚಹಾ ತಟ್ಟೆಗೆ ಚೆಲ್ಲಿತು. ಅವತ್ತಿನಿಂದ ದಿನವೂ ಬೆಳಿಗ್ಗೆ ಎದ್ದು, ಯಾಕೆ ಕುಡಿಯಲಿಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತೇನೆ. ಮತ್ತೆ ಕೂತರೆ ಮತ್ತೆ ಕುಡಿಯುವುದಿಲ್ಲ, ಅದೂ ಗೊತ್ತು. ಎರಡೂ ನಿಜ, ಎರಡರ ನಡುವೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡ ಹಾಗಿದ್ದೇನೆ. ಬೇರೆ ಯಾರ ಮುಂದೆಯೂ ಇದನ್ನು ಹೇಳಲಾರೆ. ಕಟ್ಟಡದವರ ಕಣ್ಣಿಗೆ ನಾನು ಕಲ್ಲಿನ ಹೆಂಗಸು.

ಆ ಪರೀಕ್ಷೆಯನ್ನು ಸರಿಯಾಗಿ ಬರಿ. ಒಂದು ಬ್ರೇಕನ್ನೂ ಬಿಡಬೇಡ. ನನ್ನ ಮುಖ ನೆನಪಾದರೆ ಪೆನ್ನು ಕೆಳಗಿಟ್ಟು, ನೀರು ಕುಡಿದು ಬಂದು ಮತ್ತೆ ಬರಿ.

ಆದರೆ ಬೇಗ ಬರಿ, ಮಗಳೇ. ನನಗೆ ಕೆಳಗೆ ಹೋಗಬೇಕು.

ನಿನ್ನ ಅಮ್ಮ